ನಲ್ಲಿಗೂ ಮೋರಿಗೂ ನಡುವೆ ಒಂದು ಮೀನು

ಬೆಂಗಳೂರಿನ ವಿಜಯನಗರದ ಮನೆಗಳಿಗೆ, ಬೋರ್‌ವೆಲ್ಲಿನ ಪಾಲನ್ನು ಬಿಟ್ಟರೆ, ಬರುವುದು ಕಾವೇರಿ ನೀರು. ಶಿವನಸಮುದ್ರದ ಬಳಿಯ ಶಿವ ಅಣೆಕಟ್ಟೆಯಿಂದ ನೆಟ್ಕಲ್ ಜಲಾಶಯಕ್ಕೆ ತಿರುಗಿ, ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗಿ, ಹಾರೋಹಳ್ಳಿ, ತಾತಗುಣಿಗಳ ಪಂಪುಗಳ ಬಲದಿಂದ ಸುಮಾರು ನೂರು ಕಿಲೋಮೀಟರ್ ದೂರ, ಐನೂರು ಮೀಟರಿನಷ್ಟು ಎತ್ತರ ಹತ್ತಿ ಅದು ನಮ್ಮ ಸಂಪಿಗೆ ಬಂದು ಬೀಳುತ್ತದೆ. 1974ರಲ್ಲಿ ಮೊದಲ ಹಂತದೊಂದಿಗೆ ಶುರುವಾದ ಈ ವ್ಯವಸ್ಥೆಗೆ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಐದನೇ ಹಂತ ದಿನಕ್ಕೆ ಇನ್ನೂ 77.5 ಕೋಟಿ ಲೀಟರ್ ಸೇರಿಸಿತು. ಬಳಸಿದ ಮೇಲೆ ಅದೇ ನೀರು ಬಚ್ಚಲಿನಿಂದ ಹೊರಟು ವೃಷಭಾವತಿಯ ಕಣಿವೆ ಸೇರುತ್ತದೆ. ಮೈಸೂರು ರಸ್ತೆಯ ಬದಿಯಲ್ಲೇ ಹರಿದು, ನಾಯಂಡಹಳ್ಳಿ, ಕೆಂಗೇರಿ ದಾಟಿ, ಬೈರಮಂಗಲ ಕೆರೆ ಹೊಕ್ಕು ಹೊರಬಿದ್ದು, ಅರ್ಕಾವತಿಯಲ್ಲಿ ಬೆರೆತು, ಕೊನೆಗೆ ಕನಕಪುರ ತಾಲ್ಲೂಕಿನ ಸಂಗಮದಲ್ಲಿ ಮತ್ತೆ ಕಾವೇರಿಗೇ ಬರುತ್ತದೆ. ಅರ್ಧ ಶುದ್ಧವಾಗಿ, ಅರ್ಧ ಹಾಗೇ. ಪಶ್ಚಿಮ ಬೆಂಗಳೂರು ನೀರು ಎತ್ತುವ ಜಾಗಕ್ಕೂ ಅದು ಕೊಳೆಯಾಗಿ ಹಿಂದಿರುಗುವ ಜಾಗಕ್ಕೂ ನಡುವೆ ಕಾವೇರಿ ಕಾಡು, ಬಂಡೆ, ಕೊರಕಲುಗಳ ನಡುವೆ ಹರಿಯುತ್ತದೆ. ದೊಡ್ಡಮಾಕಳಿ, ಮುತ್ತತ್ತಿ, ಭೀಮೇಶ್ವರಿ, ಗಾಳಿಬೋರೆ ಇರುವುದು ಅಲ್ಲೇ. ಗಾಳದ ಹವ್ಯಾಸಿಗಳ ಜಗತ್ತಿನಲ್ಲಿ ಒಂದು ಕಾಲಕ್ಕೆ ಈ ಊರುಗಳ ಹೆಸರು ಬೆಂಗಳೂರಿನ ಹೆಸರಿಗಿಂತ ಹೆಚ್ಚು ಪರಿಚಿತವಾಗಿತ್ತು. ಕಾರಣ ಮಹಶೀರ್ ಎಂಬ ಮೀನು.

ಆ ಮೀನಿಗೆ ಗಾಳ ಹಾಕಬೇಕೇ ಬೇಡವೇ ಎಂಬ ವಾದ ಹದಿನೈದು ವರ್ಷದಿಂದ ನಡೆದಿದೆ. ಹಾಕುವುದಾದರೆ ಪಂದ್ಯ ಕಟ್ಟಿ ಹಾಕಬಹುದೇ ಎಂಬುದು ಅದರ ಕವಲು. ಒಂದು ಕಡೆಯವರು ಗಾಳವನ್ನು ಬೇಟೆ ಎನ್ನುತ್ತಾರೆ, ಇನ್ನೊಂದು ಕಡೆಯವರು ಅದನ್ನು ಕಾವಲು ಎನ್ನುತ್ತಾರೆ. ಎರಡೂ ಕಡೆಯವರು ಮೀನನ್ನೇ ನೋಡುತ್ತಿದ್ದಾರೆ, ಮೀನು ಹಿಡಿದವನು ಬರೆದಿಟ್ಟ ಪುಸ್ತಕವನ್ನು ನೋಡುತ್ತಿಲ್ಲ ಎಂಬುದು ಈ ಬರಹದ ವಾದ. ಕಾವೇರಿಗೆ ಗಾಳದಿಂದ ಏನಾದರೂ ಉಪಕಾರ ಆಗಿದ್ದರೆ ಅದು ಆ ಪುಸ್ತಕದಿಂದ. ಅದರಲ್ಲೂ ಮೀನು ಸಿಗದ ದಿನಗಳನ್ನೂ ಬರೆದಿಟ್ಟಿದ್ದರಿಂದ. ಗಾಳದ ಯಾವ ಪದ್ಧತಿ ಆ ಪುಸ್ತಕವನ್ನು ಬೆಳೆಸುತ್ತದೋ ಅದಕ್ಕೆ ನದಿಯಲ್ಲಿ ಜಾಗ ಇರಬೇಕು, ಯಾವುದು ಬೆಳೆಸುವುದಿಲ್ಲವೋ ಅದಕ್ಕೆ ಇರಬಾರದು.

ಪಂದ್ಯದ ಸ್ವರೂಪ ತಿಳಿಯಲು ಅದು ಬೇರುಬಿಟ್ಟಿರುವ ಕಡೆ ನೋಡಬೇಕು. ಅಲಾಸ್ಕದ ಜೂನೋ ಪಟ್ಟಣದಲ್ಲಿ 1947ರಿಂದ ಗೋಲ್ಡನ್ ನಾರ್ತ್ ಸಾಲ್ಮನ್ ಡರ್ಬಿ ನಡೆಯುತ್ತಿದೆ. ಬೇಸಿಗೆ ಮುಗಿಯುವ ಹೊತ್ತಿನ ಕೆಲವೇ ದಿನಗಳು, ನೂರಾರು ಸಣ್ಣ ದೋಣಿಗಳು, ಒಂದೊಂದರಲ್ಲಿ ಇಬ್ಬರೋ ಮೂವರೋ ಗೆಳೆಯರು. ಹಿಡಿದ ಸಾಲ್ಮನ್ ಮೀನನ್ನು ತೂಕದ ಕಟ್ಟೆಗೆ ಒಪ್ಪಿಸಬೇಕು, ಅತಿ ಭಾರದ ಮೀನಿಗೆ ಬಹುಮಾನ. ಒಪ್ಪಿಸಿದ ಮೀನಿನ ಹಣ ವಿದ್ಯಾರ್ಥಿವೇತನಕ್ಕೆ ಹೋಗುತ್ತದೆ. ಆ ಕಡಲಿನ ಹವಾಮಾನಕ್ಕೆ ಮರ್ಯಾದೆ ಎಂಬುದಿಲ್ಲ. ಬೆಳಿಗ್ಗೆ ಕನ್ನಡಿಯಂತಿದ್ದದ್ದು ಮಧ್ಯಾಹ್ನಕ್ಕೆ ದೋಣಿಯನ್ನು ಎತ್ತಿ ಕುಕ್ಕುತ್ತದೆ. ಪಂದ್ಯದ ದಿನಾಂಕವಾದರೋ ತಿಂಗಳುಗಳ ಹಿಂದೆಯೇ ಅಚ್ಚಾಗಿರುತ್ತದೆ. ಚೀಟಿಗೆ ಹಣ ಕಟ್ಟಿದವರು, ರಜೆ ಹಾಕಿದವರು, ದೂರದಿಂದ ಬಂದ ಗೆಳೆಯನನ್ನು ದೋಣಿಗೆ ಹತ್ತಿಸಿಕೊಂಡವರು ಗಾಳಿಯ ಮುಖ ನೋಡಿ ವಾಪಸ್ಸು ಹೋಗುವುದು ಕಡಿಮೆ. ಹಾಗೆ ನೋಡಿದರೆ ಪಂದ್ಯದ ಅರ್ಧ ರುಚಿ ಇರುವುದೇ ಅಲ್ಲಿ. ಇಬ್ಬರು ನೆನೆದು ತೊಪ್ಪೆಯಾಗಿ, ಒಬ್ಬ ಚುಕ್ಕಾಣಿ ಹಿಡಿದು ಇನ್ನೊಬ್ಬ ಬಲೆಗೋಲು ಚಾಚಿ ನಿಂತು ಪಡುವ ಪಾಡು ವರ್ಷವಿಡೀ ಹೇಳಿಕೊಳ್ಳುವ ಕಥೆಯಾಗುತ್ತದೆ. ಇದನ್ನು ಗೇಲಿ ಮಾಡುವ ಅಗತ್ಯವಿಲ್ಲ. ಆದರೆ ಆ ಕೆಲವು ದಿನಗಳ ಫಲಿತಾಂಶದಿಂದ ಕಡಲಿನ ಬಗ್ಗೆ ಏನು ತಿಳಿಯಿತು ಎಂದು ಕೇಳಬೇಕಾಗುತ್ತದೆ.

ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ಒಂದು ವರ್ಷ ನೂರು ಜನ ತಲಾ ಎಂಟು ಗಂಟೆ ಗಾಳ ಹಾಕಿ ನಲವತ್ತು ಮೀನು ತಂದರು. ಮರುವರ್ಷ ಬಿರುಗಾಳಿ, ಅರ್ಧ ಜನ ಎರಡು ಗಂಟೆಗೇ ದಡ ಸೇರಿದರು, ಉಳಿದವರು ನಾಲ್ಕು ಗಂಟೆ ಎಳೆದಾಡಿ ಹದಿನೈದು ಮೀನು ತಂದರು. ಮೀನು ನಲವತ್ತರಿಂದ ಹದಿನೈದಕ್ಕೆ ಇಳಿಯಿತು, ನದಿ ಬರಿದಾಯಿತು ಎಂದು ಪತ್ರಿಕೆ ಬರೆಯಬಹುದು. ಗಂಟೆಗಳನ್ನು ಕೂಡಿ ನೋಡಿ. ಮೊದಲ ವರ್ಷ 800 ಗಂಟೆಗೆ 40, ಎಂದರೆ ಒಂದು ಮೀನಿಗೆ 20 ಗಂಟೆ. ಎರಡನೇ ವರ್ಷ 300 ಗಂಟೆಗೆ 15, ಮತ್ತೆ ಒಂದು ಮೀನಿಗೆ 20 ಗಂಟೆಯೇ. ನೀರಿನಲ್ಲಿ ಏನೂ ಬದಲಾಗಿಲ್ಲ, ಬದಲಾದದ್ದು ಗಾಳಿ. ಎಷ್ಟು ಹೊತ್ತು ಗಾಳ ನೀರಿನಲ್ಲಿತ್ತು ಎಂದು ಬರೆಯದ ಪಂದ್ಯ ಹವಾಮಾನವನ್ನೇ ಮೀನಿನ ಲೆಕ್ಕವೆಂದು ನಂಬಿಸುತ್ತದೆ. ಅತಿ ಭಾರದ ಮೀನಿನ ತೂಕವನ್ನು ಮಾತ್ರ ಘೋಷಿಸುವ ಪಂದ್ಯವಂತೂ ಅಷ್ಟನ್ನೂ ಹೇಳುವುದಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ರಾಜ್ಯಕ್ಕೆ ಮೊದಲು ಬಂದ ಹುಡುಗಿಯ ಅಂಕ ನೋಡಿ ಆ ಶಾಲೆಯಲ್ಲಿ ಎಷ್ಟು ಮಕ್ಕಳು ಓದುತ್ತಿದ್ದಾರೆ ಎಂದು ಊಹಿಸಿದ ಹಾಗೆ ಅದು.

ಕಾವೇರಿಯಲ್ಲಿ ಇದೇ ನಡೆದಿತ್ತು, ಸುಮಾರು ನೂರು ವರ್ಷ. ಮದ್ರಾಸ್ ಪ್ರಾಂತ್ಯದ ಅಧಿಕಾರಿ ಎಚ್.ಎಸ್. ಥಾಮಸ್ 1873ರಲ್ಲಿ ಭಾರತದ ಗಾಳದ ಮೀನುಗಾರಿಕೆಯ ಮೇಲೆ ಗ್ರಂಥವನ್ನೇ ಬರೆದ ಮೇಲೆ ದಕ್ಷಿಣದ ನದಿಗಳು ಬಿಳಿಯ ದೊರೆಗಳ ಆಟದ ಬಯಲಾದವು. 1919ರಲ್ಲಿ ರಿವೆಟ್-ಕಾರ್ನಾಕ್ ಎಂಬ ಮೇಜರ್ ಕಾವೇರಿಯಲ್ಲಿ 119 ಪೌಂಡಿನ ಮಹಶೀರ್ ಎತ್ತಿದ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ವ್ಯಾನ್ ಇಂಗೆನ್ ಕಬಿನಿಯಲ್ಲಿ 120 ಪೌಂಡಿನದನ್ನು, ಎಂದರೆ 54 ಕಿಲೋ ಮೀರಿದ್ದನ್ನು, ಹಿಡಿದರು. ಹುಲಿ ಚಿರತೆಗಳಿಗೆ ಹೊಟ್ಟು ತುಂಬಿ ಗೋಡೆಗೇರಿಸುವ ಕಲೆಯಲ್ಲಿ ಜಗತ್ಪ್ರಸಿದ್ಧವಾದ ಮನೆತನ ಅದು. ಸ್ವಾತಂತ್ರ್ಯದ ನಂತರ ಈ ಮೀನು ಮುಗಿದೇಹೋಯಿತು ಎಂದು ಹೊರಗಿನವರು ಭಾವಿಸಿದ್ದಾಗ 1977–78ರ ಹೊತ್ತಿಗೆ ಮೂವರು ಇಂಗ್ಲಿಷ್ ಯುವಕರು ಬಂದು ಕಾವೇರಿಯಲ್ಲಿ ಅದು ಇನ್ನೂ ಇದೆ ಎಂದು ತೋರಿಸಿದರು. ಬೆಂಗಳೂರಿನಲ್ಲಿ 1972ರಲ್ಲಿ ಹುಟ್ಟಿದ್ದ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ ನದಿಯ ಒಂದು ಭಾಗವನ್ನು ಗುತ್ತಿಗೆ ಹಿಡಿದು ಕಾವಲು ಹಾಕಿತು. ಸರ್ಕಾರದ್ದೇ ಆದ ಜಂಗಲ್ ಲಾಡ್ಜಸ್ ಸಂಸ್ಥೆ ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಗಳಲ್ಲಿ ಮೀನು ಶಿಬಿರಗಳನ್ನು ತೆರೆಯಿತು.

ಇಷ್ಟೆಲ್ಲ ಕೀರ್ತಿಯ ನಡುವೆ ಒಂದು ವಿಚಿತ್ರ ನಡೆದಿತ್ತು. ನೂರೈವತ್ತು ವರ್ಷ ಜನ ಬೆನ್ನಟ್ಟಿದ ಈ ಮೀನಿಗೆ, ಬೆನ್ನ ಮೇಲೆ ಡುಬ್ಬ, ಕಿತ್ತಳೆ ಛಾಯೆಯ ಈಜುರೆಕ್ಕೆಗಳಿರುವ ಕಾವೇರಿ ಕೊಳ್ಳದ ದೈತ್ಯ ಮಹಶೀರ್‌ಗೆ, ವಿಜ್ಞಾನದಲ್ಲಿ ಗಟ್ಟಿಯಾದ ಹೆಸರೇ ಇರಲಿಲ್ಲ. ಕೇರಳದ ಪಾಂಬಾರ್ ಹೊಳೆಯಲ್ಲಿ ಸಿಕ್ಕ ಸಣ್ಣ ಮೀನುಗಳನ್ನು ನೋಡಿ 2007ರಲ್ಲಿ ಇಬ್ಬರು ವಿಜ್ಞಾನಿಗಳು ಮೀನುಶಾಸ್ತ್ರಜ್ಞೆ ಕೆ. ರೆಮಾದೇವಿಯವರ ಗೌರವಾರ್ಥ ‘ಟಾರ್ ರೆಮಾದೇವಿಐ’ ಎಂಬ ಹೆಸರಿಟ್ಟಿದ್ದರು. ಕಾವೇರಿಯ ಡುಬ್ಬದ ದೈತ್ಯ ಇದೇ ಪ್ರಭೇದ ಎಂದು ಸಾಬೀತಾದದ್ದು 2018ರಲ್ಲಿ. ಅದೇ ವರ್ಷ ಅಂತರರಾಷ್ಟ್ರೀಯ ಕೆಂಪುಪಟ್ಟಿ ಅದನ್ನು ಅಳಿವಿನ ಅಂಚಿನಲ್ಲಿರುವ, ಅತ್ಯಂತ ಗಂಡಾಂತರದ ಪ್ರಭೇದವೆಂದು ದಾಖಲಿಸಿತು. ಹೆಸರು ಸಿಕ್ಕುವುದಕ್ಕೂ ಸಾವಿನ ಹಾಸಿಗೆ ಸೇರುವುದಕ್ಕೂ ಒಂದೇ ವರ್ಷ. ಗೋಡೆಯ ಮೇಲಿನ ತಲೆ, ಹಳದಿಗಟ್ಟಿದ ಫೋಟೋ, ಪೌಂಡಿನ ಅಂಕಿ, ಇಷ್ಟು ನಮ್ಮಲ್ಲಿ ಬೇಕಾದಷ್ಟಿದ್ದವು. ಎಷ್ಟು ಮರಿಗಳಿದ್ದವು, ಯಾವ ಮಡುವಿನಲ್ಲಿ, ಯಾವ ವರ್ಷ ಕಡಿಮೆಯಾದವು ಎಂಬುದು ಯಾರ ಬಳಿಯೂ ಇರಲಿಲ್ಲ. ಅತಿ ದೊಡ್ಡದನ್ನೇ ಹುಡುಕುವವನ ಕಣ್ಣಿಗೆ ಮರಿ ಬೀಳುವುದಿಲ್ಲ.

ಈ ಕತ್ತಲೆಯಲ್ಲಿ ಒಂದು ಕಿಂಡಿ ತೆರೆದದ್ದು ಗಾಳಿಬೋರೆಯ ಶಿಬಿರ. ಅಲ್ಲಿ ಹಿಡಿದ ಮೀನನ್ನು ತೂಗಿ ಜೀವಂತ ಬಿಡುವುದು ಕಡ್ಡಾಯವಾಗಿತ್ತು. ಎಷ್ಟು ಗಂಟೆ ಗಾಳ ಹಾಕಿದರು, ಏನು ಸಿಕ್ಕಿತು, ತೂಕವೆಷ್ಟು ಎಂದು ಪುಸ್ತಕದಲ್ಲಿ ಬರೆಯುವ ರೂಢಿ ಇತ್ತು. ಬರೆದವರಿಗೆ ವಿಜ್ಞಾನದ ಉದ್ದೇಶವೇನೂ ಇದ್ದಂತಿಲ್ಲ, ಶಿಬಿರದ ಶಿಸ್ತು ಅಷ್ಟೆ. ಆದ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತಿತರ ಸಂಶೋಧಕರು ಮುಂದೆ ಆ ಪುಸ್ತಕಗಳನ್ನು ಬಿಡಿಸಿ ಕೂತರು. 1998ರಿಂದ 2012ರವರೆಗೆ 23,620 ಗಂಟೆಗಳ ಗಾಳ, 6,161 ಮೀನು, ಒಂದು ಕಿಲೋದಿಂದ 46 ಕಿಲೋವರೆಗೆ. ಭಾಗಿಸಿದರೆ ಒಂದು ಮೀನಿಗೆ ಹತ್ತಿರ ಹತ್ತಿರ ನಾಲ್ಕು ಗಂಟೆ. ವರ್ಷ ಉರುಳಿದಂತೆ ಗಂಟೆಗೆ ಸಿಗುವ ಮೀನಿನ ಸಂಖ್ಯೆ ಏರಿತ್ತು, ಸರಾಸರಿ ತೂಕ ಇಳಿದಿತ್ತು. ತೂಕ ಇಳಿದದ್ದು ಕೇಳಲು ಕೆಟ್ಟ ಸುದ್ದಿ, ವಾಸ್ತವದಲ್ಲಿ ಒಳ್ಳೆಯದು. ಸಣ್ಣ ಮೀನು ಹೆಚ್ಚು ಸಿಗುತ್ತಿವೆ ಎಂದರೆ ಮರಿಗಳು ಬದುಕಿ ಬೆಳೆಯುತ್ತಿವೆ. ಡೈನಮೈಟ್ ಸಿಡಿಸಿ ಮೀನು ತೇಲಿಸುತ್ತಿದ್ದ ನದಿಯಲ್ಲಿ ಹದಿನಾಲ್ಕು ವರ್ಷ ಜನರ ಓಡಾಟ, ಕಾವಲು ಇದ್ದದ್ದಕ್ಕೆ ಸಿಕ್ಕ ಪ್ರತಿಫಲ ಅದು ಎಂದು ಸಂಶೋಧಕರು ಓದಿದರು. ಪಂದ್ಯದ ಫಲಕದಲ್ಲಾಗಿದ್ದರೆ ಇದೇ ಅಂಕಿ ‘ಈ ಬಾರಿ ದೊಡ್ಡ ಮೀನಿಲ್ಲ’ ಎಂಬ ನಿರಾಸೆಯಾಗಿ ಮುಗಿಯುತ್ತಿತ್ತು.

ಗಾಳದ ಪರ ವಾದಿಸುವ ಬಹುಪಾಲು ಜನ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಪುಸ್ತಕ ನಿಲ್ಲಲಿಲ್ಲ. ಅದೇ ದಾಖಲೆಯನ್ನು ಮೀನಿನ ಬಗೆಯ ಪ್ರಕಾರ ಬೇರ್ಪಡಿಸಿದಾಗ ಏರಿದ್ದೆಲ್ಲ ನೀಲಿ ಈಜುರೆಕ್ಕೆಯ ಮಹಶೀರ್ ಎಂದು ತಿಳಿಯಿತು. ಅದು ಕಾವೇರಿಯದಲ್ಲ, ಕೃಷ್ಣಾ ಕೊಳ್ಳದ್ದು, ಪುಣೆಯ ಮುಳಾ–ಮುಠಾ ಹೊಳೆಗಳಿಂದ ವಿಜ್ಞಾನಕ್ಕೆ ಪರಿಚಯವಾದದ್ದು. ಲೋನಾವಳದಲ್ಲಿ ಟಾಟಾ ಸಂಸ್ಥೆಯವರು ಮಹಶೀರ್ ಮರಿ ಮಾಡುವ ಕೇಂದ್ರ ನಡೆಸಿ ದೇಶದ ಹಲವು ನದಿಗಳಿಗೆ ಮರಿ ಹಂಚಿದರು, ಕಾವೇರಿಗೂ ಬಂದವು. ಎಲ್ಲರದೂ ಸದುದ್ದೇಶವೇ. ಮಹಶೀರ್ ಕಡಿಮೆಯಾಗುತ್ತಿದೆ, ಮಹಶೀರ್ ಬಿಡೋಣ ಎಂಬ ಸರಳ ತರ್ಕ. ಕಾವೇರಿಯ ಸ್ವಂತ ಡುಬ್ಬದ ಮಹಶೀರ್ ಮಾತ್ರ ಅದೇ ಅವಧಿಯಲ್ಲಿ ಕುಸಿಯುತ್ತ ಹೋಗಿತ್ತು. ಅಲ್ಲೊಂದು ಇಲ್ಲೊಂದು ಸಿಕ್ಕವೂ ದೊಡ್ಡವೇ, ವರ್ಷದಿಂದ ವರ್ಷಕ್ಕೆ ಇನ್ನೂ ದೊಡ್ಡವು. ಕೇಳಲು ಹಬ್ಬದ ಸುದ್ದಿ, ವಾಸ್ತವದಲ್ಲಿ ಭೀಕರ: ಮುದುಕರು ಉಳಿದಿದ್ದಾರೆ, ಮಕ್ಕಳು ಹುಟ್ಟುತ್ತಿಲ್ಲ. ಒಟ್ಟು ಲೆಕ್ಕದಲ್ಲಿ ಗೆಲುವು ಕಂಡ ನದಿಯಲ್ಲಿ, ಬಿಡಿಸಿದ ಲೆಕ್ಕದಲ್ಲಿ ಒಂದು ಪ್ರಭೇದ ಮುಳುಗುತ್ತಿತ್ತು. ಇಂದು ಅದರ ನೆಲೆಯ ಬಗ್ಗೆ ಕೇಳಿದರೆ ವಿಜ್ಞಾನಿಗಳು ನೀಲಗಿರಿಯ ಬುಡದ ಮೋಯಾರ್ ಹೊಳೆಯನ್ನು ಮೊದಲು ಹೆಸರಿಸುತ್ತಾರೆ.

ಸಾಲ್ಮನ್ ನಾಡಿನಲ್ಲಿ ಈ ಗೊಂದಲಕ್ಕೆ ಪರಿಹಾರವೊಂದಿದೆ. ಅಮೆರಿಕದ ಪೆಸಿಫಿಕ್ ಕರಾವಳಿಯಲ್ಲಿ ಮರಿ ಕೇಂದ್ರದಲ್ಲಿ ಹುಟ್ಟಿದ ಸಾಲ್ಮನ್‌ಗಳ ಬೆನ್ನ ಮೇಲಿನ, ಬಾಲದ ಹತ್ತಿರದ ಪುಟ್ಟ ಈಜುರೆಕ್ಕೆಯನ್ನು ಮರಿಯಾಗಿದ್ದಾಗಲೇ ಕತ್ತರಿಸಿ ಬಿಡುತ್ತಾರೆ. ದೋಣಿಯಲ್ಲಿ ಕೂತ ಹವ್ಯಾಸಿಯೂ ಒಂದೇ ನೋಟಕ್ಕೆ ಇದು ಕೇಂದ್ರದ್ದು, ಇದು ಕಾಡಿನದು ಎಂದು ಹೇಳಬಲ್ಲ. ಬಹಳ ಕಡೆ ಕಾಡಿನದನ್ನು ಬಿಟ್ಟು ಕೇಂದ್ರದ್ದನ್ನಷ್ಟೇ ಇಟ್ಟುಕೊಳ್ಳಬೇಕು. ಕಾವೇರಿಗೆ ಮರಿ ಬಿಟ್ಟವರು ಅಂಥ ಗುರುತೇನನ್ನೂ ಮಾಡಲಿಲ್ಲ. ಹೊರಗಿನ ಮೀನಿನ ರೆಕ್ಕೆ ನೀಲಿಯಾಗಿದ್ದದ್ದೇ ನಮ್ಮ ಪುಣ್ಯ. ಬಣ್ಣವೂ ಒಂದೇ ಆಗಿದ್ದಿದ್ದರೆ ಗಾಳಿಬೋರೆಯ ಪುಸ್ತಕ ಕೂಡ ಸುಳ್ಳು ಸಂತೋಷವನ್ನೇ ದಾಖಲಿಸಿ ಮುಚ್ಚಿಕೊಳ್ಳುತ್ತಿತ್ತು. ಕೊಡಗಿನ ಹಾರಂಗಿಯಲ್ಲಿ ಇಂದಿಗೂ ಮಹಶೀರ್ ಮರಿ ಕೇಂದ್ರವಿದೆ. ಯಾವ ಕೊಳ್ಳದ ಮೀನು ಯಾವ ನದಿಗೆ ಎಂಬ ಪ್ರಶ್ನೆಯನ್ನು ಮರಿ ಬಿಡುವ ಸಮಾರಂಭದ ಫೋಟೋಗಳಲ್ಲಿ ಕಾಣುವುದು ಕಷ್ಟ.

ಸಾಲ್ಮನ್‌ಗೂ ಮಹಶೀರ್‌ಗೂ ಇನ್ನೊಂದು ವ್ಯತ್ಯಾಸವಿದೆ, ಪಂದ್ಯದ ಮಾತು ಬಂದಾಗ ಅದೇ ಮುಖ್ಯ. ಪೆಸಿಫಿಕ್ ಸಾಲ್ಮನ್ ಕಡಲಿನಲ್ಲಿ ಬೆಳೆದು, ಹುಟ್ಟಿದ ಹೊಳೆಗೆ ಮರಳಿ, ಒಮ್ಮೆ ಮೊಟ್ಟೆಯಿಟ್ಟು ಸಾಯುತ್ತದೆ. ನದೀಮುಖಕ್ಕೆ ಬಂದ ಮೀನಿನ ಬದುಕು ಹೇಗೂ ಕೊನೆಯ ಅಂಕದಲ್ಲಿದೆ. ಸಾಕಷ್ಟು ಮೀನು ಮೇಲೇರಿವೆ ಎಂದು ಎಣಿಸಿ ಖಾತ್ರಿಯಾದರೆ ಉಳಿದದ್ದನ್ನು ಹಿಡಿಯುವುದರಲ್ಲಿ ಒಂದು ತರ್ಕವಿದೆ. ಅಂಥ ಕಡೆಯೂ ಎಣಿಕೆ ಕುಸಿದಾಗ ಬಾಗಿಲು ಮುಚ್ಚುತ್ತಾರೆ: ಯೂಕಾನ್ ನದಿಯ ಚಿನೂಕ್ ಸಾಲ್ಮನ್ ಹಿಡಿಯುವುದನ್ನು ಏಳು ವರ್ಷ ನಿಲ್ಲಿಸಲು ಅಲಾಸ್ಕ ಮತ್ತು ಕೆನಡಾ 2024ರಲ್ಲಿ ಒಪ್ಪಿದವು. ಮಹಶೀರ್ ಹಾಗಲ್ಲ. ಅದು ವರ್ಷಗಟ್ಟಲೆ ಬದುಕಿ ಮಳೆಗಾಲ ಮಳೆಗಾಲಕ್ಕೆ ಮೊಟ್ಟೆಯಿಡುವ ಮೀನು. ಅತಿ ದೊಡ್ಡದು ಎಂದರೆ ಬಹುತೇಕ ಅತಿ ಹೆಚ್ಚು ಮೊಟ್ಟೆಯಿಡಬಲ್ಲ ತಾಯಿ. ಅತಿ ಭಾರದ ಮೀನಿಗೆ ಬಹುಮಾನ ಎಂಬ ನಿಯಮವನ್ನು ಜೂನೋದಿಂದ ತಂದು ಭೀಮೇಶ್ವರಿಯಲ್ಲಿ ನೆಟ್ಟರೆ, ಆ ತಾಯಿಯನ್ನೇ ಹುಡುಕಿ ದಣಿಸಿ ಎಂದು ಸಾರಿದಂತೆ. ಬಿಟ್ಟುಬಿಡುತ್ತೇವಲ್ಲ ಎಂದರೂ ದಣಿವು ದಣಿವೇ. ಕೊಡಗಿನಲ್ಲಿ, ವಾಲ್ನೂರಿನ ಸುತ್ತ ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿಯ ಆಶ್ರಯದಲ್ಲಿ ಹಿಡಿದು ಬಿಡುವ ಗಾಳದ ಸ್ಪರ್ಧೆಗಳು ನಡೆದದ್ದುಂಟು. ಮೀನು ಕೊಲ್ಲದ ಪಂದ್ಯ ಎಂಬುದು ಜೂನೋ ಮಾದರಿಗಿಂತ ಎಷ್ಟೋ ಮೇಲು, ಆದರೂ ತೂಕಕ್ಕೆ ಕೊಡುವ ಬಹುಮಾನ ನದಿಯ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ.

ಹವಾಮಾನದ ಮಾತಿಗೆ ಬಂದರೆ, ನಮ್ಮ ನೀರುಗಳಲ್ಲಿ ಬಿರುಸಿನ ಕಾಲ ಮೀನಿಗೆ ಸಿಗುವ ರಜೆ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೊಟ್ಟೆಯಿಡುವ ಮೀನಿನ ರಕ್ಷಣೆ, ಮೀನುಗಾರನ ಪ್ರಾಣದ ರಕ್ಷಣೆ ಎರಡೂ ಒಂದೇ ಆದೇಶದಲ್ಲಿವೆ. ಕಾವೇರಿಯಲ್ಲಿ ಗಾಳದ ಕಾಲ ಬೇಸಿಗೆ ಮುಗಿಯುವುದರೊಳಗೆ ಮುಗಿಯುತ್ತಿತ್ತು. ಮುಂಗಾರು ಇಳಿದು ನೀರು ಕೆಂಪಾಗಿ, ಮೇಲಿನ ಕೃಷ್ಣರಾಜಸಾಗರ, ಕಬಿನಿಗಳು ತೂಬು ತೆರೆದರೆ ಹರಿಗೋಲಿನವನೂ ದಡ ಹತ್ತುತ್ತಾನೆ, ಮಹಶೀರ್ ಪ್ರವಾಹ ಹಿಡಿದು ಮೊಟ್ಟೆಯಿಡಲು ಮೇಲೇರುತ್ತದೆ. ಹೀಗಾಗಿ ಬಿರುಗಾಳಿಯಲ್ಲೂ ದೋಣಿ ಬಿಡುವ ಶೌರ್ಯಕ್ಕೆ ಇಲ್ಲಿ ಬೆಲೆ ಕೊಡಬೇಕಾಗಿಲ್ಲ. ಆದರೆ ಗಾಳದ ಕಾಲದೊಳಗೇ ಬರುವ ಕೆಟ್ಟ ದಿನಗಳು ಬೇರೆ ಮಾತು: ಮಾರ್ಚಿನ ಸುಳಿಗಾಳಿ, ಏಪ್ರಿಲ್ಲಿನ ಆಲಿಕಲ್ಲು ಮಳೆ, ಶಿವನಸಮುದ್ರದ ವಿದ್ಯುತ್ ಉತ್ಪಾದನೆಗೆ ತಕ್ಕಂತೆ ಗಂಟೆಗೊಮ್ಮೆ ಏರಿಳಿಯುವ ನೀರು. ಆ ದಿನಗಳಲ್ಲಿ ರಾಗಿ ಹಿಟ್ಟಿನ ಉಂಡೆ ಗಾಳಕ್ಕೆ ಮೆತ್ತಿ ಕೂತವನಿಗೆ ಏನೂ ಸಿಗದಿದ್ದರೆ ಅವನ ಪಾಲಿಗೆ ಅದು ವ್ಯರ್ಥ ದಿನ, ಪುಸ್ತಕದ ಪಾಲಿಗೆ ಅಲ್ಲ. ‘ಆರು ಗಂಟೆ, ಗಾಳಿ ಜೋರು, ನೀರು ಒಂದು ಅಡಿ ಏರಿದೆ, ಮೀನು ಸೊನ್ನೆ’ ಎಂಬಂಥ ಸಾಲಿಲ್ಲದೆ 23,620 ಎಂಬ ಅಂಕಿ ಹುಟ್ಟುವುದಿಲ್ಲ. ಆ ಸಾಲನ್ನು ಬರೆಯಲು ಜೊತೆಗೊಬ್ಬ ಬೇಕು. ಒಬ್ಬನೇ ಹೋದವನು ಸೊನ್ನೆಯನ್ನು ಬರೆಯುವುದಿಲ್ಲ, ಎರಡು ಕಿಲೋ ಮೀನನ್ನು ನಾಲ್ಕು ಮಾಡುತ್ತಾನೆ, ದಾರದ ತುದಿಯಲ್ಲಿ ಕಿತ್ತುಹೋದದ್ದನ್ನು ಹತ್ತು ಮಾಡುತ್ತಾನೆ. ಹರಿಗೋಲಿನಲ್ಲಿ ಎದುರು ಕೂತ ಗೆಳೆಯನೋ ಹುಟ್ಟು ಹಾಕುವ ಅಂಬಿಗನೋ ತಕ್ಕಡಿಯ ಮುಳ್ಳು ನೋಡುತ್ತಿದ್ದರೆ ಆ ಉತ್ಸಾಹ ತಾನಾಗಿ ತಗ್ಗುತ್ತದೆ.

ಗಾಳ ಹಾಕುವವರ ಲೆಕ್ಕವನ್ನು ನಂಬುವುದು ಹೇಗೆ ಎಂಬುದು ಈ ವಾದಕ್ಕೆ ಬರುವ ಮೊದಲ ಆಕ್ಷೇಪ. ಅವರು ಒಳ್ಳೆಯ ಮಡುವಿಗೇ ಹೋಗುತ್ತಾರೆ, ಗಾಳಕ್ಕೆ ಬೀಳುವ ಗಾತ್ರದ ಮೀನನ್ನಷ್ಟೇ ಕಾಣುತ್ತಾರೆ. ನಿಜ, ಇದರಿಂದ ನದಿಯಲ್ಲಿ ಒಟ್ಟು ಎಷ್ಟು ಮೀನಿವೆ ಎಂದು ಹೇಳಲಾಗದು. ಆದರೆ ತಪ್ಪು ಪ್ರತಿವರ್ಷ ಒಂದೇ ರೀತಿಯದಾದರೆ, ವರ್ಷದಿಂದ ವರ್ಷಕ್ಕೆ ಆದ ಏರಿಳಿತ ಸರಿಯಾಗೇ ಕಾಣುತ್ತದೆ. ಬಂಡೆ, ಮೊಸಳೆ, ಸೆಳವುಗಳ ಆ ಕೊರಕಲಿನಲ್ಲಿ ಬಲೆ ಬೀಸಿ ವೈಜ್ಞಾನಿಕ ಸಮೀಕ್ಷೆ ಮಾಡುವುದು ಹೇಳಿದಷ್ಟು ಸುಲಭವೂ ಅಲ್ಲ. ಆ ಪುಸ್ತಕವನ್ನು ನಂಬಲು ನನಗೆ ಇನ್ನೂ ಬಲವಾದ ಕಾರಣವೊಂದಿದೆ. ಅದು ತನ್ನನ್ನು ಬರೆದವರ ವಿರುದ್ಧವೇ ಸಾಕ್ಷಿ ಹೇಳಿತು. ಗಾಳದ ಹವ್ಯಾಸಿಗಳು ಮೆಚ್ಚಿ ಬರಮಾಡಿಕೊಂಡಿದ್ದ ಹೊರಗಿನ ಮೀನು ನದಿಯನ್ನು ಹೇಗೆ ತುಂಬಿತು ಎಂಬುದನ್ನು ಹೇಳಿದ್ದು ಅವರದೇ ಕೈಬರಹ.

ಎರಡನೆಯದು ನೀತಿಯ ಆಕ್ಷೇಪ. ತುಟಿಗೆ ಕೊಕ್ಕೆ ಸಿಕ್ಕಿಸಿ, ಅರ್ಧ ಗಂಟೆ ಎಳೆದಾಡಿ, ಫೋಟೋ ತೆಗೆಸಿಕೊಂಡು ಬಿಡುವುದು ಯಾವ ದಯೆ? ತಿನ್ನಲು ಹಿಡಿಯುವುದರಲ್ಲಿ ಹಸಿವಾದರೂ ಇದೆ. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಕಾವೇರಿಯ ನೀಲಿ ರೆಕ್ಕೆಯ ಮಹಶೀರ್ ಮೇಲೆ ನಡೆದ ಅಧ್ಯಯನದಲ್ಲೂ ಹೆಚ್ಚು ಹೊತ್ತು ಕಾದಾಡಿದಷ್ಟೂ ಮೀನಿನ ದೇಹದ ಬಳಲಿಕೆ ಹೆಚ್ಚು ಎಂದೇ ಕಂಡಿತು. ಮುಳ್ಳಿಲ್ಲದ ಕೊಕ್ಕೆ, ಗಟ್ಟಿ ದಾರ, ನೀರಿನಿಂದ ಮೇಲೆತ್ತದೆ ತೂಗುವುದು, ಬಿಸಿಲೇರಿದ ಮೇಲೆ ಗಾಳ ಹಾಕದಿರುವುದು ಇವೆಲ್ಲ ನೋವನ್ನು ತಗ್ಗಿಸುತ್ತವೆ, ಇಲ್ಲವಾಗಿಸುವುದಿಲ್ಲ. ಮೀನಿನ ನೋವನ್ನು ಪೂರ್ತಿ ಒಪ್ಪಲಾಗದವರೊಡನೆ ಲೆಕ್ಕದ ಪುಸ್ತಕ ಹಿಡಿದು ವಾದಿಸಿ ಗೆಲ್ಲಲಾಗದು, ಗೆಲ್ಲಬೇಕಾಗಿಯೂ ಇಲ್ಲ. ಅವರಿಗೆ ಹೇಳಬಹುದಾದದ್ದು ಇಷ್ಟು: ಡೈನಮೈಟ್‌ನ ಒಂದು ಸಿಡಿತ ಮರಿ, ಮುದಿ, ಡುಬ್ಬ, ನೀಲಿ ಎಂದು ನೋಡುವುದಿಲ್ಲ. ಹಿಂದೆ ಅದನ್ನೇ ಎಸೆಯುತ್ತಿದ್ದ ಕೈಗಳಲ್ಲಿ ಕೆಲವು ಶಿಬಿರಗಳಲ್ಲಿ ಹುಟ್ಟು ಹಾಕುವ, ಕಾವಲು ಕಾಯುವ ಕೆಲಸಕ್ಕೆ ಸೇರಿದವು.

ಮೂರನೆಯದು ಕಾನೂನು. ಕಾವೇರಿ ವನ್ಯಜೀವಿಧಾಮ ಘೋಷಣೆಯಾದದ್ದು 1987ರಲ್ಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅರ್ಥದಲ್ಲಿ ಹಿಡಿಯುವುದೂ ಬೇಟೆಯೇ, ಬಿಟ್ಟರೂ ಸರಿ ಎಂಬ ವ್ಯಾಖ್ಯಾನ ಬಲವಾಗಿ, 2010ರ ಆಸುಪಾಸಿನ ವರ್ಷಗಳಲ್ಲಿ ಅಭಯಾರಣ್ಯದೊಳಗಿನ ಗಾಳ ನಿಂತಿತು. ಗಾಳಿಬೋರೆಯ ಅಂಕಿಗಳು 2012ಕ್ಕೆ ಮುಗಿಯುವುದು ಅದಕ್ಕೇ. ಹುಲಿಯನ್ನು ಬೋನಿಗೆ ಹಾಕಿ ಬಿಟ್ಟರೆ ಬೇಟೆಯಾಗುವಾಗ ಮೀನಿಗೇಕೆ ಬೇರೆ ನ್ಯಾಯ ಎಂಬ ಪ್ರಶ್ನೆ ತರ್ಕಬದ್ಧ. ನನ್ನ ತಕರಾರು ನಿಷೇಧದ ಮೇಲಲ್ಲ, ನಿಷೇಧದ ಮರುದಿನದ ಮೇಲೆ. ಹುಲಿಗೆ ಗಣತಿ ಇದೆ, ಆನೆಗೆ ಗಣತಿ ಇದೆ, ಕ್ಯಾಮೆರಾ ಬಲೆ ಇದೆ. ನೀರಿನೊಳಗಿನ ಜೀವಿಗೆ ಇದ್ದ ಒಂದೇ ಒಂದು ಗಣತಿ ಹವ್ಯಾಸಿಗಳದ್ದು. ಅದನ್ನು ನಿಲ್ಲಿಸಿದ ದಿನವೇ ಬೇರೆ ಎಣಿಕೆಯನ್ನು ಶುರು ಮಾಡಬೇಕಿತ್ತು. ಶಿಬಿರದ ಜನ ಹೋದ ಮೇಲೆ ಕಳ್ಳಬೇಟೆ ಮರಳುತ್ತದೆ ಎಂದು ಸಂಶೋಧಕರು 2013ರಲ್ಲೇ ಎಚ್ಚರಿಸಿದ್ದರು. ಎಣಿಸುವವರಿಲ್ಲದ ಕಡೆ ಆ ಎಚ್ಚರಿಕೆ ನಿಜವೋ ಅತಿಯೋ ಎಂದು ಯಾರು ಹೇಳಬೇಕು?

ಭಕ್ತಿ ಸಾಕು, ಎಣಿಕೆ ಯಾಕೆ ಎನ್ನುವವರೂ ಇದ್ದಾರೆ. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ, ಕಾವೇರಿಯದೇ ರಾಮನಾಥಪುರದ ವಹ್ನಿಪುಷ್ಕರಿಣಿಯಲ್ಲಿ ದೇವರ ಮೀನುಗಳು ಗಾಳವಿಲ್ಲದೆ, ಪುಸ್ತಕವಿಲ್ಲದೆ ಬದುಕಿವೆಯಲ್ಲ. ಬದುಕಿವೆ, ಮೆಟ್ಟಿಲ ಮೇಲೆ ಪುರಿ ಹಿಡಿದ ನೂರು ಕಣ್ಣುಗಳ ಎದುರು. ಗಾಳಿಬೋರೆಯ ಮಡುವಿಗೆ ಮೆಟ್ಟಿಲಿಲ್ಲ. ಶಿಶಿಲದಲ್ಲೇ 1990ರ ದಶಕದಲ್ಲಿ ಹೊಳೆಗೆ ವಿಷ ಬೆರೆಸಿ ಸಾವಿರಾರು ಮೀನುಗಳನ್ನು ಕೊಂದದ್ದನ್ನು ಆ ಸೀಮೆ ಮರೆತಿಲ್ಲ.

ಇನ್ನೊಂದು ಆಕ್ಷೇಪವನ್ನು ಮೃದುವಾಗಿ ಎದುರಿಸಲಾಗದು. ಗುತ್ತಿಗೆ ಹಿಡಿದ ನದಿಯಲ್ಲಿ ದೊಡ್ಡವರು ಹಣ ತೆತ್ತು ಆಡುವಾಗ, ಸಾರಿಗೆ ಎರಡು ಮೀನು ಹಿಡಿಯುವ ದಡದ ಹಳ್ಳಿಯವನು ಕಳ್ಳನಾದ. ಅವನ ತೆಪ್ಪ ಅಪರಾಧದ ವಸ್ತುವಾಯಿತು, ಅತಿಥಿಯ ಹರಿಗೋಲು ಪ್ರವಾಸೋದ್ಯಮವಾಯಿತು. ಇದು ಆದದ್ದು ನಿಜ. ಶಿಬಿರಗಳಲ್ಲಿ ಕೆಲಸ ಸಿಕ್ಕವರು ಕೆಲವರು, ನದಿ ಕಳೆದುಕೊಂಡವರು ಹಲವರು. ಮತ್ತೆ ಎಣಿಕೆ ಶುರುವಾಗುವುದಾದರೆ ಪುಸ್ತಕ ಬೆಂಗಳೂರಿನ ಕ್ಲಬ್ಬಿನಲ್ಲಿರದೆ ಮುತ್ತತ್ತಿಯಲ್ಲೋ ಸಂಗಮದಲ್ಲೋ ಇರಬೇಕು, ಬರೆಯುವ ಸಂಬಳ ಆ ಊರಿನವರಿಗೇ ಸಲ್ಲಬೇಕು, ಮತ್ತು ಅಲ್ಲಿನ ಸಾಂಪ್ರದಾಯಿಕ ಮೀನುಗಾರ ಸಣ್ಣ ಬಲೆಯಲ್ಲಿ ತರುವ ಮೀನಿಗೂ ಅದರಲ್ಲಿ ಒಂದು ಕಾಲಂ ಇರಬೇಕು. ನೋಡಿದೊಡನೆ ಮೀನಿನ ಬಗೆ ಹೇಳಬಲ್ಲವನು ಅವನೇ.

ವಿಜಯನಗರಕ್ಕೂ ಇದಕ್ಕೂ ಏನು ಸಂಬಂಧ ಎಂದು ಕೇಳುವವರಿಗೆ ನಲ್ಲಿಯನ್ನೂ ಮೋರಿಯನ್ನೂ ತೋರಿಸಿದ್ದಾಗಿದೆ. ಇನ್ನು ಮೇಕೆದಾಟು ಇದೆ: 67 ಟಿಎಂಸಿ ನೀರು ನಿಲ್ಲಿಸುವ ಆ ಯೋಜನೆ ಬೆಂಗಳೂರಿನ ಕುಡಿಯುವ ನೀರಿನ ಹೆಸರಿನಲ್ಲೇ ಬರುತ್ತಿದೆ, ನಿಂತ ನೀರು ಹಿಂದಕ್ಕೆ ಹಬ್ಬುವುದು ಈ ಕೊರಕಲಿಗೇ. ಅಣೆಕಟ್ಟೆ ಬೇಕು ಎನ್ನುವವರೂ ಬೇಡ ಎನ್ನುವವರೂ ಹರಿವ ನೀರಿನ ಮೀನಿಗೆ ನಿಂತ ನೀರಿನಲ್ಲಿ ಏನಾಯಿತು ಎಂದು ಮುಂದೊಂದು ದಿನ ಹೇಳಬೇಕಾದರೆ, ಕಟ್ಟುವ ಮೊದಲು ಎಷ್ಟಿತ್ತು ಎಂಬುದು ಗೊತ್ತಿರಬೇಕು. ವೃಷಭಾವತಿಯ ಶುದ್ಧೀಕರಣಕ್ಕೆ ಕೋಟಿಗಟ್ಟಲೆ ಸುರಿದ ಮೇಲೆ ಸಂಗಮದ ಕೆಳಗೆ ಏನಾದರೂ ಸುಧಾರಿಸಿತೇ ಎಂಬುದಕ್ಕೂ ಅದೇ ಪುಸ್ತಕ ಸಾಕ್ಷಿ. ಪ್ರಯೋಗಾಲಯದ ಬಾಟಲಿ ಒಂದು ದಿನದ ನೀರನ್ನು ಹೇಳುತ್ತದೆ, ಐದು ವರ್ಷದ ಮೀನು ಐದು ವರ್ಷದ ನೀರನ್ನು.

ಪಂದ್ಯವೇ ಬೇಕು ಎನ್ನುವವರಿದ್ದರೆ, ಅಭಯಾರಣ್ಯದ ಹೊರಗೆ, ಇಲಾಖೆಯ ಅನುಮತಿಯಲ್ಲಿ, ನಿಯಮಗಳನ್ನು ತಲೆಕೆಳಗು ಮಾಡಿ ನಡೆಸಲಿ. ಬಹುಮಾನ ಅತಿ ಭಾರದ ಮೀನಿಗೆ ಬೇಡ, ಅತಿ ಪೂರ್ಣವಾದ ಹಾಳೆಗಿರಲಿ. ಒಬ್ಬೊಬ್ಬರೇ ಇಳಿಯುವಂತಿಲ್ಲ, ಜೋಡಿಯಾಗಿ ಇಳಿಯಬೇಕು: ಒಬ್ಬ ಗಾಳ, ಒಬ್ಬ ಲೇಖನಿ, ಮಧ್ಯಾಹ್ನ ಅದಲುಬದಲು. ಗಂಟೆ, ಗಾಳಿ, ನೀರಿನ ಬಣ್ಣ, ರೆಕ್ಕೆಯ ಬಣ್ಣ, ಉದ್ದ. ಗಾಳಿ ಕೆಟ್ಟು ದಡ ಸೇರಿದರೆ ಸೇರಿದ ಹೊತ್ತನ್ನು ಬರೆಯಬೇಕು, ಅದಕ್ಕೆ ಅಂಕ ಕಡಿತವಿಲ್ಲ. ಅಭಯಾರಣ್ಯದ ಒಳಗೆ ಅರಣ್ಯ ಇಲಾಖೆಯೇ ಆಯ್ದ ನಾಲ್ಕಾರು ಮಡುಗಳಲ್ಲಿ, ತರಬೇತಾದ ದಡದ ಹುಡುಗರ ಕೈಯಲ್ಲಿ, ಸಂಶೋಧನೆಯ ಅನುಮತಿಯಡಿ ಪ್ರತಿ ಬೇಸಿಗೆ ಇಷ್ಟೇ ಗಂಟೆ ಎಂದು ನಿಗದಿಮಾಡಿ ಎಣಿಸಬಹುದು. ಖರ್ಚಿನ ಮಾತು ಬಂದರೆ, ಬೇಕಾಗುವುದು ಕೆಲವು ಹರಿಗೋಲು, ಒಂದು ತಕ್ಕಡಿ, ಒಂದು ಅಳತೆಪಟ್ಟಿ, ಗಟ್ಟಿ ರಟ್ಟಿನ ಪುಸ್ತಕ, ಬರೆಯುವವರ ದಿನಗೂಲಿ. ಈ ಊರಿನ ನೀರಿನ ಬಿಲ್ಲಿಗೆ ತಿಂಗಳಿಗೆ ಒಂದು ರೂಪಾಯಿ ಸೇರಿಸಿದರೆ, ಆ ರೂಪಾಯಿ ಎಲ್ಲಿಗೆ ಹೋಯಿತೆಂದು ವರ್ಷಕ್ಕೊಮ್ಮೆ ಬಿಲ್ಲಿನ ಹಿಂಬದಿಯಲ್ಲೇ ಮುದ್ರಿಸಬಹುದು: ಎಷ್ಟು ಗಂಟೆ, ಎಷ್ಟು ನೀಲಿ, ಎಷ್ಟು ಡುಬ್ಬ.